ಉಮ್ಮನ ಹಿಟ್ಟಿಗೆ 30 ಡಿಗ್ರಿ: ಮನೆಯಲ್ಲೇ ಮಾಡಿದ ತಾಪಮಾನ ನಿಯಂತ್ರಕ

(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ಅನುಭವ)

ಕಳೆದ ಡಿಸೆಂಬರ್‌ನ ಒಂದು ಬೆಳಿಗ್ಗೆ ಉಮ್ಮ ಮಾರಲು ಕೊಟ್ಟಿದ್ದ 30 ಪ್ಯಾಕೆಟ್ ಇಡ್ಲಿ ಹಿಟ್ಟಿನಲ್ಲಿ 14 ವಾಪಸ್ ಬಂದವು. ಹಿಟ್ಟು ಕೆಟ್ಟಿರಲಿಲ್ಲ, ಉಬ್ಬಿರಲಿಲ್ಲ ಅಷ್ಟೇ. ಆ ಹಿಟ್ಟಿನಲ್ಲಿ ಬೇಯಿಸಿದ ಇಡ್ಲಿ ಕಲ್ಲಿನಂತೆ ಇತ್ತು. ದಿನಾ 10 ಪ್ಯಾಕೆಟ್ ಕೊಳ್ಳುವ ಹೋಟೆಲಿನವರು, "ಅಕ್ಕಾ, ಮುಂದಿನ ವಾರವೂ ಹೀಗೇ ಆದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ" ಎಂದು ಹೇಳಿ ಹೋದರು. ನನ್ನ ಕಾಲೇಜು ಫೀಸು, ತಮ್ಮನ ಶಾಲೆಯ ವ್ಯಾನಿನ ಹಣ ಎರಡೂ ಈ ಹಿಟ್ಟಿನಿಂದಲೇ ಬರಬೇಕು. ಆ ದಿನ ಉಮ್ಮ ಏನೂ ಮಾತಾಡಲಿಲ್ಲ. ವಾಪಸ್ ಬಂದ ಹಿಟ್ಟಿನಲ್ಲಿ ಮೂರು ದಿನ ನಮಗೆ ದೋಸೆ ಮಾಡಿ ಹಾಕಿದರು.

ನಾವು ಮೂಡಿಗೆರೆಗೆ ಬಂದದ್ದು ಕಳೆದ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಬಂಟ್ವಾಳದಲ್ಲಿದ್ದೆವು. ಅಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆಯ ಮುಚ್ಚಳವನ್ನೇ ಎತ್ತುತ್ತಿತ್ತು. ಬೇಸಿಗೆಯಲ್ಲಂತೂ ಹೆಚ್ಚು ಹುಳಿಯಾಗಬಾರದೆಂದು ಉಮ್ಮ ತಣ್ಣೀರು ಹಾಕಿ ರುಬ್ಬುತ್ತಿದ್ದರು. ಅದೇ ಅಕ್ಕಿ, ಅದೇ ಉದ್ದು, ಅದೇ ಕೈ. ಆದರೆ ಇಲ್ಲಿ ಹಿಟ್ಟು ಉಬ್ಬಲಿಲ್ಲ. ಪಕ್ಕದ ಮನೆಯ ಅಜ್ಜಿ, "ಇದು ಮಲೆನಾಡು ಮಗಾ, ಚಳಿಗಾಲದಲ್ಲಿ ಬಿಸಿನೀರು ಹಾಕಿ ರುಬ್ಬಬೇಕು" ಎಂದರು. ವಿಜ್ಞಾನ ಓದುವ ನಾನು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಹಿಟ್ಟಿನೊಳಗೆ ನಡೆಯುವುದೇನು?

ಮೊದಲು ನಾನು ಲ್ಯಾಬಿನ ಪಾದರಸದ ಥರ್ಮಾಮೀಟರನ್ನು ಸರ್ ಅವರ ಅನುಮತಿ ಪಡೆದು ಮನೆಗೆ ತಂದೆ. ರಾತ್ರಿ 9 ಗಂಟೆಗೆ ಅಡುಗೆಮನೆ 20 ಡಿಗ್ರಿ ಸೆಲ್ಸಿಯಸ್, ಬೆಳಗಿನ 5 ಗಂಟೆಗೆ 18 ಡಿಗ್ರಿ ಇತ್ತು. (ಮುಂದೆ ಡಿಗ್ರಿ ಎಂದರೆ ಸೆಲ್ಸಿಯಸ್ ಎಂದೇ ತಿಳಿಯಿರಿ.)

ಇಡ್ಲಿ ಹಿಟ್ಟಿಗೆ ನಾವು ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ಬೇಕಾದ ಸೂಕ್ಷ್ಮಜೀವಿಗಳು ಉದ್ದು ಮತ್ತು ಅಕ್ಕಿಯ ಜೊತೆಯಲ್ಲೇ ಬರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1965ರಲ್ಲಿ ಇಡ್ಲಿ ಹಿಟ್ಟಿನ ಸೂಕ್ಷ್ಮಜೀವಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಹಿಟ್ಟು ಉಬ್ಬಲು ಮುಖ್ಯ ಕಾರಣ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ಅದರಲ್ಲಿ ತೋರಿಸಿದರು. ಇದು ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲ ಮತ್ತು ಕಾರ್ಬನ್ ಡೈ ಆಕ್ಸೈಡ್ ಮಾಡುತ್ತದೆ. ಹುಳಿ ಬರುವುದು ಆಮ್ಲದಿಂದ, ಉಬ್ಬುವುದು ಅನಿಲದಿಂದ. ಉದ್ದಿನ ಪ್ರೋಟೀನು ಮತ್ತು ಲೋಳೆ ಆ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತವೆ. ಅದಕ್ಕೇ ಬರೀ ಅಕ್ಕಿ ಹಿಟ್ಟು ಹಾಗೆ ಉಬ್ಬುವುದಿಲ್ಲ.

ಈ ಕೆಲಸಕ್ಕೆ 30 ಡಿಗ್ರಿಯ ಆಸುಪಾಸು ಹಿತ. ತಾಪಮಾನ 20 ಡಿಗ್ರಿಗೆ ಇಳಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗುತ್ತದೆ. ಬಂಟ್ವಾಳದಲ್ಲಿ ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಒಂದು ರಾತ್ರಿ ಸಾಲದು. ತಾಪಮಾನ ತೀರಾ ಏರಿದರೂ ತೊಂದರೆಯೇ. ಆಗ ಹುಳಿ ಮಾಡುವ ಬೇರೆ ಬ್ಯಾಕ್ಟೀರಿಯಾಗಳು ಮುಂದಾಗುತ್ತವೆ, ಹಿಟ್ಟು ಬೇಗ ಹುಳಿಯಾಗುತ್ತದೆ.

ಮೊದಲ ಪ್ರಯತ್ನ: ಬರೀ ಬಲ್ಬು

ಚಾರ್ಮಾಡಿ ಘಾಟಿ ಹತ್ತಿ ಮಂಗಳೂರಿನಿಂದ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆಗಳು ನಮ್ಮ ಪೇಟೆಯಲ್ಲಿ ಸಿಗುತ್ತವೆ. 80 ರೂಪಾಯಿಗೆ ದೊಡ್ಡದೊಂದು ತಂದು, ಸೋಪು, ಅಡುಗೆ ಸೋಡಾ ಹಾಕಿ ತೊಳೆದು, ಎರಡು ದಿನ ಬಿಸಿಲಿಗಿಟ್ಟೆ. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 60 ವ್ಯಾಟಿನ ಹಳೆಯ ಬಲ್ಬು ಇಳಿಬಿಟ್ಟು, 10 ಕೆ.ಜಿ. ಹಿಟ್ಟನ್ನು ಎರಡು ಪಾತ್ರೆಗಳಲ್ಲಿ ಇಟ್ಟು ಮುಚ್ಚಿದೆ. ಕೋಳಿ ಮರಿಗೆ ಬಲ್ಬು ಇಡುವುದನ್ನು ನೋಡಿದ್ದೆ, ಇದೂ ಹಾಗೆಯೇ ಎಂದುಕೊಂಡೆ.

ಬೆಳಿಗ್ಗೆ ಹಿಟ್ಟು 44 ಡಿಗ್ರಿ ಇತ್ತು. ಮೇಲೆ ನೀರು, ಕೆಳಗೆ ಗಟ್ಟಿ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಅಷ್ಟೂ ಚೆಲ್ಲಬೇಕಾಯಿತು. ಉಮ್ಮ, "ನಿನ್ನ ಪ್ರಯೋಗ ನಿನ್ನ ಪುಸ್ತಕದಲ್ಲೇ ಇರಲಿ, ನನ್ನ ಅಕ್ಕಿಯ ಮೇಲೆ ಬೇಡ" ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಏಕೆ ಹೀಗಾಯಿತು? ಪೆಟ್ಟಿಗೆಯ ಹೊರ ಅಳತೆ 70 × 45 × 40 ಸೆಂ.ಮೀ., ಗೋಡೆಯ ದಪ್ಪ 3 ಸೆಂ.ಮೀ. ಆರು ಮುಖಗಳ ಒಟ್ಟು ವಿಸ್ತೀರ್ಣ 1.55 ಚದರ ಮೀಟರ್. ಥರ್ಮಾಕೋಲಿನ ಉಷ್ಣವಾಹಕತೆ ಸುಮಾರು 0.035. ಪ್ರಥಮ ಪಿಯುಸಿಯಲ್ಲಿ ಕಲಿತ ಉಷ್ಣವಹನದ ಸೂತ್ರದ ಪ್ರಕಾರ,

ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ನಷ್ಟ = 0.035 × 1.55 ÷ 0.03 = ಸುಮಾರು 1.8 ವ್ಯಾಟ್

ಅಂದರೆ 60 ವ್ಯಾಟ್ ಒಳಗೆ ಬರುತ್ತಲೇ ಇದ್ದರೆ, ಹೊರಗೆ ಹೋಗುವುದೂ 60 ಆಗುವವರೆಗೆ ಪೆಟ್ಟಿಗೆ ಬಿಸಿಯಾಗುತ್ತಲೇ ಇರುತ್ತದೆ. 60 ÷ 1.8 = 33. ಕೋಣೆಗಿಂತ 33 ಡಿಗ್ರಿ ಮೇಲೆ, ಅಂದರೆ 50 ದಾಟುವವರೆಗೆ ಅದು ನಿಲ್ಲುವುದೇ ಇಲ್ಲ. ಈ ಎರಡು ಸಾಲಿನ ಲೆಕ್ಕವನ್ನು ಮೊದಲೇ ಮಾಡಿದ್ದರೆ 10 ಕೆ.ಜಿ. ಹಿಟ್ಟು ಉಳಿಯುತ್ತಿತ್ತು.

ತಾನೇ ನೋಡಿ ತಾನೇ ನಿಲ್ಲಿಸುವ ಯಂತ್ರ

ಭೌತಶಾಸ್ತ್ರದ ಸರ್ ಹತ್ತಿರ ಹೇಳಿಕೊಂಡಾಗ ಅವರು ನಕ್ಕು, "ನಿನ್ನ ಬಲ್ಬಿಗೆ ಕಣ್ಣಿಲ್ಲ. ಬಿಸಿ ಕೊಡಲು ಗೊತ್ತು, ಸಾಕು ಎನ್ನಲು ಗೊತ್ತಿಲ್ಲ. ಫೀಡ್‌ಬ್ಯಾಕ್ ಬೇಕು" ಎಂದರು. ಯಂತ್ರದ ಫಲಿತಾಂಶವನ್ನೇ ಅಳೆದು, ಆ ಅಳತೆಯಿಂದ ಯಂತ್ರವನ್ನು ತಿದ್ದುವುದೇ ಫೀಡ್‌ಬ್ಯಾಕ್.

ಇದು ಹೊಸ ವಿಚಾರವಲ್ಲ. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದೇ ಹೆಸರಾದ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಸಹೋದರರು 'ಕಿತಾಬ್ ಅಲ್-ಹಿಯಲ್' ಎಂಬ ಗ್ರಂಥದಲ್ಲಿ ಸುಮಾರು 100 ಯಂತ್ರಗಳನ್ನು ವಿವರಿಸಿದ್ದಾರೆ. ನೀರಿನ ಮಟ್ಟ ಇಳಿದಾಗ ತಾನಾಗಿ ತೆರೆದು, ತುಂಬಿದಾಗ ಮುಚ್ಚುವ ತೇಲು ಕವಾಟಗಳು, ಬತ್ತಿ ಉರಿದಂತೆ ತಾನೇ ಮುಂದಕ್ಕೆ ಸರಿಸಿಕೊಳ್ಳುವ ದೀಪ ಇವೆಲ್ಲ ಅದರಲ್ಲಿವೆ. ನಮ್ಮ ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಬಾಲ್ ವಾಲ್ವ್ ಇದೇ ವಂಶದ್ದು. ಬಿಸಿಯ ವಿಷಯದಲ್ಲಿ ಇದನ್ನು ಮಾಡಿದವರಲ್ಲಿ ಮೊದಲಿಗನೆಂದು ಹೆಸರಾದವನು ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್. 17ನೇ ಶತಮಾನದ ಮೊದಲ ಭಾಗದಲ್ಲಿ ಕೋಳಿ ಮೊಟ್ಟೆಗೆ ಕಾವು ಕೊಡುವ ಒಲೆಯೊಂದನ್ನು ಮಾಡಿದ. ಒಲೆ ಬಿಸಿಯಾದಾಗ ಒಳಗಿನ ದ್ರವ ಹಿಗ್ಗಿ, ಗಾಳಿಯ ದಾರಿಯನ್ನು ಕಿರಿದು ಮಾಡಿ, ಬೆಂಕಿಯನ್ನು ತಗ್ಗಿಸುತ್ತಿತ್ತು.

ನನ್ನ ಪೆಟ್ಟಿಗೆಗೆ ಸರ್ ಸೂಚಿಸಿದ್ದು ಡಬ್ಲ್ಯೂ 1209 ಎಂಬ ಪುಟ್ಟ ಮಾಡ್ಯೂಲ್. 12 ವೋಲ್ಟ್ ಡಿಸಿಯಲ್ಲಿ ಕೆಲಸ ಮಾಡುತ್ತದೆ. ಒಂದು ರಿಲೇ, ಮೂರು ಬಟನ್, ಮೂರು ಅಂಕಿಯ ಡಿಸ್‌ಪ್ಲೇ, ವೈರಿನ ತುದಿಯಲ್ಲಿ ನೀರು ತಾಗದಂತೆ ಮುಚ್ಚಿದ ಸೆನ್ಸರ್, ಇಷ್ಟೇ. ಸೆನ್ಸರ್ ಎಂದರೆ ಒಂದು ಥರ್ಮಿಸ್ಟರ್. 25 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 10 ಕಿಲೋ ಓಮ್. ಮಲ್ಟಿಮೀಟರ್ ಹಾಕಿ ಅಂಗೈಯಲ್ಲಿ ಬಿಗಿಯಾಗಿ ಹಿಡಿದಾಗ ಅದು 7 ಕಿಲೋ ಓಮ್ ಹತ್ತಿರಕ್ಕೆ ಇಳಿಯಿತು. ಲೋಹದ ತಂತಿಯಲ್ಲಿ ಬಿಸಿಯಾದಂತೆ ರೆಸಿಸ್ಟೆನ್ಸ್ ಏರುತ್ತದೆ. ಸೆಮಿಕಂಡಕ್ಟರಿನಲ್ಲಿ ಬಿಸಿಯಾದಂತೆ ವಿದ್ಯುತ್ ಒಯ್ಯುವ ಕಣಗಳು ಹೆಚ್ಚುತ್ತವೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ವಾಕ್ಯ ಅಂದು ಕೈಯಲ್ಲೇ ಕಾಣಿಸಿತು.

ಇಂಥ ನಿಯಂತ್ರಕಗಳ ಬಗ್ಗೆ ಬರೆದವರಲ್ಲಿ ಬಹಳಷ್ಟು ಮಂದಿ ಯುರೋಪ್, ಅಮೆರಿಕಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು. ಅದನ್ನು ತಿಳಿದು ಕ್ಲಾಸಿನಲ್ಲಿ ನಗೆ ಎದ್ದಿತು. "ಹಾಗಾದರೆ ಹುದುಗುವಿಕೆ ಎಂದರೆ ಮದ್ಯವೇ?" ಎಂದು ಒಬ್ಬಳು ಕೇಳಿದಳು. ರಸಾಯನಶಾಸ್ತ್ರದ ಮೇಡಂ ಬಿಡಿಸಿ ಹೇಳಿದರು. ಮೊಸರು, ಬ್ರೆಡ್, ವಿನೆಗರ್, ಇಡ್ಲಿ ಎಲ್ಲವೂ ಹುದುಗುವಿಕೆಯೇ. ಯಾವ ಸೂಕ್ಷ್ಮಜೀವಿ, ಯಾವ ಆಹಾರ ಎಂಬುದರ ಮೇಲೆ ಏನು ಸಿಗುತ್ತದೆ ಎಂಬುದು ನಿಂತಿದೆ. ಬಿಯರಿನಲ್ಲಿ ಯೀಸ್ಟ್ ಸಕ್ಕರೆಯನ್ನು ಎಥನಾಲ್ ಮಾಡುತ್ತದೆ. ನಮ್ಮ ಹಿಟ್ಟಿನಲ್ಲಿ ಮುಖ್ಯವಾಗಿ ಆಗುವುದು ಲ್ಯಾಕ್ಟಿಕ್ ಆಮ್ಲ. ಬ್ರೆಡ್ಡಿನ ಹಿಟ್ಟಿನಂತೆ ಇಲ್ಲೂ ಅತ್ಯಲ್ಪ ಎಥನಾಲ್ ಆಗುತ್ತದೆ, ಅದರಲ್ಲಿ ಹೆಚ್ಚಿನದು ಬೇಯುವಾಗ ಆವಿಯಾಗಿ ಹೋಗುತ್ತದೆ. ಪಾತ್ರೆಯಲ್ಲಿ ಏನಿದೆ ಎಂದು ನಿಯಂತ್ರಕಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಡಿಗ್ರಿ ಮಾತ್ರ.

ಬೇಕಾದ ಸಾಮಾನು

- ಡಬ್ಲ್ಯೂ 1209 ಮಾಡ್ಯೂಲ್: 160 ರೂ.
- 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್: 320 ರೂ.
- 10 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ 8: 96 ರೂ.
- 77 ಡಿಗ್ರಿಯ ಥರ್ಮಲ್ ಫ್ಯೂಸ್: 20 ರೂ.
- ಥರ್ಮಾಕೋಲ್ ಪೆಟ್ಟಿಗೆ: 80 ರೂ.
- ವೈರ್, ಕನೆಕ್ಟರ್, ಸ್ಕ್ರೂ: 64 ರೂ.
- ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಮತ್ತು 30 × 20 ಸೆಂ.ಮೀ. ಅಲ್ಯೂಮಿನಿಯಂ ಹಾಳೆ: ಮಾಮನ ಅಂಗಡಿಯಿಂದ ಉಚಿತ

ಒಟ್ಟು 740 ರೂಪಾಯಿ.

ಬಿಸಿಗೆ ರೆಸಿಸ್ಟರ್ ಏಕೆ? ಮಾಮನದು ವಾಹನಗಳ ವೈರಿಂಗ್ ಅಂಗಡಿ. ಮೊದಲು ಅವರು ಕಾರಿನ ಬ್ರೇಕ್ ಲೈಟಿನ 12 ವೋಲ್ಟ್, 21 ವ್ಯಾಟ್ ಬಲ್ಬ್ ಕೊಟ್ಟರು. ಅದನ್ನು ಹಾಕಿದೊಡನೆ ಅಡಾಪ್ಟರ್ ಆರಿ ಆರಿ ಹತ್ತತೊಡಗಿತು. ಉರಿಯುವಾಗ ಆ ಬಲ್ಬಿನ ರೆಸಿಸ್ಟೆನ್ಸ್ 12 × 12 ÷ 21 = ಸುಮಾರು 6.9 ಓಮ್. ತಣ್ಣಗಿರುವಾಗ ಅಳೆದರೆ 1 ಓಮಿಗೂ ಕಡಿಮೆ. ಹಾಗಾಗಿ ಹತ್ತುವ ಕ್ಷಣದಲ್ಲಿ ಅದು 10 ಆಂಪಿಯರಿಗೂ ಹೆಚ್ಚು ಕೇಳುತ್ತದೆ, ಅಡಾಪ್ಟರ್ ತನ್ನ ರಕ್ಷಣೆಗಾಗಿ ನಿಂತುಬಿಡುತ್ತದೆ. ಸಿಮೆಂಟ್ ರೆಸಿಸ್ಟರಿನಲ್ಲಿ ಈ ತೊಂದರೆಯಿಲ್ಲ.

ಎರಡೆರಡು ರೆಸಿಸ್ಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ 20 ಓಮಿನ ನಾಲ್ಕು ಜೋಡಿ. ಆ ನಾಲ್ಕನ್ನು ಪ್ಯಾರಲಲ್‌ನಲ್ಲಿ ಜೋಡಿಸಿದರೆ ಒಟ್ಟು 5 ಓಮ್. ಕರೆಂಟು 12 ÷ 5 = 2.4 ಆಂಪಿಯರ್. ಶಕ್ತಿ 12 × 2.4 = 28.8 ವ್ಯಾಟ್. ಒಂದೊಂದು ರೆಸಿಸ್ಟರಿನ ಪಾಲಿಗೆ 3.6 ವ್ಯಾಟ್ ಮಾತ್ರ. 10 ವ್ಯಾಟ್ ತಾಳುವ ವಸ್ತುವಿಗೆ ಇದು ಹಗುರ. ಇದಿಷ್ಟೂ ನಮ್ಮ ಪಠ್ಯದ ಲೆಕ್ಕವೇ.

ಜೋಡಣೆ

1. ರೆಸಿಸ್ಟರ್‌ಗಳನ್ನು ಅಲ್ಯೂಮಿನಿಯಂ ಹಾಳೆಗೆ ಬಿಗಿದು, ಹಾಳೆಯನ್ನು ಪೆಟ್ಟಿಗೆಯ ಒಂದು ಬದಿಯಲ್ಲಿ ಮರದ ತುಂಡುಗಳ ಮೇಲೆ ನಿಲ್ಲಿಸಿ. ಬಿಸಿ ಹಾಳೆ ಥರ್ಮಾಕೋಲಿಗಾಗಲಿ ಪ್ಲಾಸ್ಟಿಕ್ಕಿಗಾಗಲಿ ತಾಗಬಾರದು, ಅವು ಕರಗುತ್ತವೆ.
2. ಹಾಳೆಯ ಮೇಲೆ ಗಾಳಿ ಹಾಯುವಂತೆ ಫ್ಯಾನ್ ಇಡಿ. ಫ್ಯಾನ್ ಅಡಾಪ್ಟರಿಗೆ ನೇರ ಸೇರಿ ಸದಾ ತಿರುಗುತ್ತಿರಲಿ. ಇಲ್ಲದಿದ್ದರೆ ಪೆಟ್ಟಿಗೆಯ ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ ಆಗುತ್ತದೆ.
3. ಅಡಾಪ್ಟರಿನ ಪ್ಲಸ್ ಮತ್ತು ಮೈನಸ್ ವೈರುಗಳನ್ನು ಮಾಡ್ಯೂಲಿನ 12 ವೋಲ್ಟ್ ಮತ್ತು ಗ್ರೌಂಡ್ ಸ್ಕ್ರೂಗಳಿಗೆ ಕೊಡಿ.
4. ಪ್ಲಸ್‌ನಿಂದ ಇನ್ನೊಂದು ವೈರು ಥರ್ಮಲ್ ಫ್ಯೂಸಿನ ಮೂಲಕ ರಿಲೇಯ ಕೆ-0ಗೆ. ಕೆ-1ರಿಂದ ರೆಸಿಸ್ಟರ್‌ಗಳಿಗೆ. ಅಲ್ಲಿಂದ ವಾಪಸ್ ಮೈನಸ್‌ಗೆ. ಥರ್ಮಲ್ ಫ್ಯೂಸನ್ನು ಅಲ್ಯೂಮಿನಿಯಂ ಹಾಳೆಗೇ ಅಂಟಿಸಿ.
5. ಮಾಡ್ಯೂಲ್ ಮತ್ತು ಅಡಾಪ್ಟರ್ ಪೆಟ್ಟಿಗೆಯ ಹೊರಗಿರಲಿ. ಒಳಗೆ ಹಬೆ ಇರುತ್ತದೆ.

ಆಮೇಲೆ ಸೆನ್ಸರನ್ನು ಪರೀಕ್ಷಿಸಬೇಕು. ಕರಗುತ್ತಿರುವ ಐಸ್ ಪುಡಿಯಲ್ಲಿ ಇಟ್ಟಾಗ 0 ತೋರಿಸಬೇಕಿತ್ತು, ನನ್ನದು 1.4 ತೋರಿಸಿತು. ಪಿ-4 ಎಂಬ ತಿದ್ದುಪಡಿಯಲ್ಲಿ ಮೈನಸ್ 1.4 ಹಾಕಿದೆ. 30 ಡಿಗ್ರಿಯ ನೀರಿನಲ್ಲಿ ಲ್ಯಾಬಿನ ಥರ್ಮಾಮೀಟರ್ ಜೊತೆ ಹೋಲಿಸಿದಾಗ ಸರಿಹೋಯಿತು.

ಪಿ-0 ಎಂಬುದು ಬಿಸಿಗೋ ತಂಪಿಗೋ ಎಂಬ ಆಯ್ಕೆ. ಬಿಸಿಗೆ 'ಎಚ್' ಹಾಕಬೇಕು. ಪಿ-1 ಎಂದರೆ ಹತ್ತುವ ಮತ್ತು ಆರುವ ತಾಪಮಾನಗಳ ನಡುವಿನ ಅಂತರ. 30 ಡಿಗ್ರಿಗೆ ಇಟ್ಟು ಅಂತರ 1 ಕೊಟ್ಟರೆ 29ಕ್ಕೆ ಇಳಿದಾಗ ಹತ್ತುತ್ತದೆ, 30ಕ್ಕೆ ಆರುತ್ತದೆ. ಅಂತರವನ್ನು 0.1ಕ್ಕೆ ಇಳಿಸಿದರೆ ಇನ್ನೂ ನಿಖರವಾಗುತ್ತದೆ ಎಂದು ಮೊದಲು ಹಾಗೆ ಮಾಡಿದ್ದೆ. ರಿಲೇ ರಾತ್ರಿಯಿಡೀ ಟಿಕ್ ಟಿಕ್ ಎಂದು ಯಾರನ್ನೂ ಮಲಗಲು ಬಿಡಲಿಲ್ಲ. ಹಾಗೆ ಹತ್ತಿ ಆರುತ್ತಿದ್ದರೆ ರಿಲೇ ಬೇಗ ಸವೆಯುತ್ತದೆ ಕೂಡ.

ಪೆಟ್ಟಿಗೆ 30, ಹಿಟ್ಟು 26

ಉಮ್ಮ ಇನ್ನೊಂದು ಅವಕಾಶ ಕೊಟ್ಟರು. ಸೆನ್ಸರನ್ನು ಪೆಟ್ಟಿಗೆಯ ಗಾಳಿಯಲ್ಲಿ ನೇತುಹಾಕಿದೆ. ಅರ್ಧ ಗಂಟೆಯೊಳಗೆ ಡಿಸ್‌ಪ್ಲೇ 30 ತೋರಿಸಿತು. ಖುಷಿಯಿಂದ ಮಲಗಿದೆ. ಬೆಳಿಗ್ಗೆ 5ಕ್ಕೆ ಎದ್ದು ನೋಡಿದರೆ ಡಿಸ್‌ಪ್ಲೇ ಆಗಲೂ 30 ತೋರಿಸುತ್ತಿತ್ತು. ಹಿಟ್ಟಿಗೆ ಥರ್ಮಾಮೀಟರ್ ಹಾಕಿದರೆ 26, ಅರ್ಧ ಮಾತ್ರ ಉಬ್ಬಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ನಾನು ಗಾಳಿಯನ್ನು ಅಳೆಯಲು ಹೇಳಿದ್ದೆ, ಅದು ಗಾಳಿಯನ್ನೇ ಕಾಯ್ದಿತ್ತು.

ಮರುದಿನ ಸೆನ್ಸರನ್ನು ಹಿಟ್ಟಿನೊಳಗೇ ಮುಳುಗಿಸಿದೆ. ಆಗ ಇನ್ನೊಂದು ತಪ್ಪು. ಹಿಟ್ಟು ನಿಧಾನವಾಗಿ ಬಿಸಿಯಾಗುವುದರಿಂದ ಹೀಟರ್ ಬಿಡುವಿಲ್ಲದೆ ಉರಿಯಿತು. ಹೀಟರಿನ ಪಕ್ಕದ ಪಾತ್ರೆ 33, ಆಚೆಯದು 27. ಒಂದು ಹುಳಿ, ಒಂದು ಸಪ್ಪೆ.

ಆಗ ಕುಳಿತು ಲೆಕ್ಕ ಹಾಕಿದೆ. 10 ಕೆ.ಜಿ. ಹಿಟ್ಟನ್ನು 20ರಿಂದ 30 ಡಿಗ್ರಿಗೆ ಏರಿಸಲು ಎಷ್ಟು ಉಷ್ಣ ಬೇಕು? ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಸ್ಪೆಸಿಫಿಕ್ ಹೀಟ್ ಸುಮಾರು 3.5 ಕಿಲೋಜೂಲ್ ಎಂದುಕೊಳ್ಳೋಣ.

10 × 3.5 × 10 = 350 ಕಿಲೋಜೂಲ್

28.8 ವ್ಯಾಟ್ ಪೂರ್ತಿ ಹಿಟ್ಟಿಗೇ ಹೋದರೂ 3 ಗಂಟೆ 20 ನಿಮಿಷಕ್ಕೂ ಹೆಚ್ಚು ಬೇಕು. ಆದರೆ ಪೆಟ್ಟಿಗೆಯ ಒಳಗೆ 30, ಹೊರಗೆ 18 ಇದ್ದಾಗ ಗೋಡೆಯ ಮೂಲಕವೇ 12 × 1.8 = ಸುಮಾರು 21.6 ವ್ಯಾಟ್ ಹೋಗುತ್ತದೆ. ಹಿಟ್ಟಿಗೆ ಉಳಿಯುವುದು ಸುಮಾರು 7 ವ್ಯಾಟ್. ಅಷ್ಟರಲ್ಲಿ 350 ಕಿಲೋಜೂಲ್ ತುಂಬಲು ಇಡೀ ರಾತ್ರಿ ಸಾಲದು. ಹಿಟ್ಟು ಬಿಸಿಯಾಗುವ ಹೊತ್ತಿಗೆ ಹೋಟೆಲ್ ಬಾಗಿಲು ತೆರೆದಿರುತ್ತದೆ.

ದೊಡ್ಡ ಹೀಟರ್ ಹಾಕಬಹುದಿತ್ತು. ಆಗ ಬದಿಯ ಹಿಟ್ಟು ಇನ್ನೂ ಬಿಸಿಯಾಗುತ್ತಿತ್ತು. ಆಗ ಪಕ್ಕದ ಮನೆಯ ಅಜ್ಜಿಯ ಮಾತು ನೆನಪಾಯಿತು. ಉಷ್ಣವನ್ನು ಹೊರಗಿನಿಂದ ನಿಧಾನವಾಗಿ ತುಂಬುವುದೇಕೆ, ರುಬ್ಬುವಾಗಲೇ ಒಳಗೆ ಹಾಕಬಹುದಲ್ಲ! ಕ್ಯಾಲೊರಿಮೀಟರ್ ಪ್ರಯೋಗದ ಮಿಶ್ರಣದ ಲೆಕ್ಕವನ್ನೇ ಮಾಡಿದೆ. ನೆನೆದ ಅಕ್ಕಿ, ಉದ್ದು 6.5 ಕೆ.ಜಿ., 20 ಡಿಗ್ರಿ, ಸ್ಪೆಸಿಫಿಕ್ ಹೀಟ್ ಸುಮಾರು 3. ಅದನ್ನು 30ಕ್ಕೆ ತರಲು 6.5 × 3 × 10 = 195 ಕಿಲೋಜೂಲ್. ರುಬ್ಬುವಾಗ ಹಾಕುವ ನೀರು 3.5 ಕೆ.ಜಿ., ಸ್ಪೆಸಿಫಿಕ್ ಹೀಟ್ 4.2. ಅದು 30ಕ್ಕಿಂತ ಎಷ್ಟು ಬಿಸಿ ಇರಬೇಕು? 195 ÷ (3.5 × 4.2) = ಸುಮಾರು 13. ಅಂದರೆ 43 ಡಿಗ್ರಿಯ ನೀರು.

ಅಜ್ಜಿಯ ಮನೆಗೆ ಹೋಗಿ, "ನೀವು ಹಾಕುವ ಬಿಸಿನೀರು ಎಷ್ಟು ಬಿಸಿ ಇರಬೇಕು?" ಎಂದು ಕೇಳಿದೆ. ಅವರು ಒಲೆಯ ಮೇಲಿದ್ದ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ, "ಇಷ್ಟು, ಕೈಗೆ ಹಿತವಾಗಿ ಚುರುಕು ಮುಟ್ಟಬೇಕು" ಎಂದರು. ಥರ್ಮಾಮೀಟರ್ ಹಾಕಿದೆ. 42 ಡಿಗ್ರಿ ಇತ್ತು. ನಾನು ಮೂರು ರಾತ್ರಿ, ಒಂದು ಪೂರ್ತಿ ರಾಶಿ ಹಿಟ್ಟು ಕಳೆದುಕೊಂಡು ತಲುಪಿದ ಜಾಗದಲ್ಲಿ ಅಜ್ಜಿ ಮೊದಲೇ ನಿಂತಿದ್ದರು.

ಸೆನ್ಸರ್ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಮನೆ-ಬಿಯರ್ ತಯಾರಕರಿಂದ. ಅವರದು ನಮ್ಮದಕ್ಕೆ ವಿರುದ್ಧ ಸಮಸ್ಯೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿಯಾಗುವುದರಿಂದ ಅವರು ಹಳೆಯ ಫ್ರಿಜ್ಜಿನಲ್ಲಿಟ್ಟು ತಂಪು ಮಾಡುತ್ತಾರೆ. ಸೆನ್ಸರನ್ನು ಪಾತ್ರೆಯ ಹೊರಮೈಗೆ ಅಂಟಿಸಿ, ಮೇಲೆ ಗಾಳಿ ತಾಗದಂತೆ ಸ್ಪಂಜು ಮುಚ್ಚುತ್ತಾರೆ. ಆಗ ಅದು ಗಾಳಿಯನ್ನಲ್ಲ, ಪಾತ್ರೆಯ ಗೋಡೆಯನ್ನು ಅಳೆಯುತ್ತದೆ. ಆಹಾರದೊಳಗೆ ವೈರು ಹಾಕುವ ಗೋಜೂ ಇಲ್ಲ. ನಾನೂ ಹಾಗೇ ಮಾಡಿದೆ. ಎರಡು ಪಾತ್ರೆಗಳ ನಡುವೆ ಗಾಳಿ ಓಡುವಂತೆ ಫ್ಯಾನಿನ ಮುಖವನ್ನೂ ತಿರುಗಿಸಿದೆ.

ಫಲಿತಾಂಶ

ಬಿಸಿನೀರು ಮತ್ತು ಪೆಟ್ಟಿಗೆ ಸೇರಿದ ಮೊದಲ ರಾತ್ರಿಯ ಲೆಕ್ಕ ಇದು:

- ರಾತ್ರಿ 7: ಹಿಟ್ಟು 29.5 ಡಿಗ್ರಿ, ಎತ್ತರ 10 ಸೆಂ.ಮೀ.
- ರಾತ್ರಿ 11: ಹಿಟ್ಟು 29 ಡಿಗ್ರಿ, ಎತ್ತರ 12 ಸೆಂ.ಮೀ.
- ಬೆಳಿಗ್ಗೆ 3: ಹಿಟ್ಟು 29.5 ಡಿಗ್ರಿ, ಎತ್ತರ 16 ಸೆಂ.ಮೀ.
- ಬೆಳಿಗ್ಗೆ 6: ಹಿಟ್ಟು 30 ಡಿಗ್ರಿ, ಎತ್ತರ 19 ಸೆಂ.ಮೀ.

ಪಿಎಚ್ ಕಾಗದ ಸಂಜೆ 6ರ ಹತ್ತಿರದ ಬಣ್ಣ, ಬೆಳಿಗ್ಗೆ 4 ಮತ್ತು 5ರ ನಡುವಿನ ಬಣ್ಣ ತೋರಿಸಿತು. ಬೆಳಗಿನ ಜಾವ ಹೀಟರ್ ಗಂಟೆಗೆ 38 ನಿಮಿಷ ಉರಿಯುತ್ತಿತ್ತು. ನನ್ನ ಲೆಕ್ಕದ ಪ್ರಕಾರ 21.6 ÷ 28.8, ಅಂದರೆ 45 ನಿಮಿಷ ಆಗಬೇಕಿತ್ತು. ಗೋಡೆಯ ಎರಡೂ ಬದಿಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರವೂ ಶಾಖವನ್ನು ತಡೆಯುತ್ತದೆ, ನಾನು ಅದನ್ನು ಬಿಟ್ಟಿದ್ದೆ ಎಂದು ಸರ್ ತೋರಿಸಿಕೊಟ್ಟರು. ರಾತ್ರಿಯ ಖರ್ಚು ಸುಮಾರು ಕಾಲು ಯೂನಿಟ್ ವಿದ್ಯುತ್.

ಬೆಳಿಗ್ಗೆ ಉಮ್ಮ ಮುಚ್ಚಳ ತೆಗೆದು, ಸೌಟು ಹಾಕಿ, ಹಿಟ್ಟಿನ ಸದ್ದು ಕೇಳಿದರು. ಗುಳ್ಳೆ ಒಡೆಯುವ ಆ ಸಣ್ಣ ಸದ್ದು ಬಂಟ್ವಾಳ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಕೇಳಿರಲಿಲ್ಲ. "ಪ್ಯಾಕೆಟ್ ತಾ" ಎಂದರು, ಅಷ್ಟೇ. ಹೋಟೆಲಿನವರು ಮೊದಲು 5 ಪ್ಯಾಕೆಟ್ ಮಾತ್ರ ತೆಗೆದುಕೊಂಡರು. ಜನವರಿ ಕೊನೆಯ ಹೊತ್ತಿಗೆ ಮತ್ತೆ 10 ಆಯಿತು. ವಾಪಸ್ ಕೊಟ್ಟವರಲ್ಲಿ ಇಬ್ಬರು ಮತ್ತೆ ಬರಲಿಲ್ಲ.

ಕರೆಂಟು ಹೋದರೆ?

ಮಲೆನಾಡಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. 10 ಕೆ.ಜಿ. ಹಿಟ್ಟು 1 ಡಿಗ್ರಿ ಇಳಿಯಲು 35 ಕಿಲೋಜೂಲ್ ಕಳೆದುಕೊಳ್ಳಬೇಕು. ಗಂಟೆಗೆ ಹೋಗುವ ಉಷ್ಣ 21.6 × 3600 ಜೂಲ್, ಅಂದರೆ ಸುಮಾರು 78 ಕಿಲೋಜೂಲ್. ಹಾಗಾಗಿ ಮೊದಲ ಗಂಟೆಯಲ್ಲಿ ಇಳಿಯುವುದು ಹೆಚ್ಚೆಂದರೆ 2.2 ಡಿಗ್ರಿ, ಆಮೇಲೆ ಇನ್ನೂ ನಿಧಾನ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದರೆ ಇನ್ನೂ ಕಡಿಮೆ. ಒಂದು ರಾತ್ರಿ ಎರಡು ಗಂಟೆ ಕರೆಂಟು ಇರಲಿಲ್ಲ, ಹಿಟ್ಟು 27ಕ್ಕೆ ಇಳಿದಿತ್ತು. ಇಡ್ಲಿಗೆ ಏನೂ ಆಗಲಿಲ್ಲ. ಕರೆಂಟು ಬಂದಾಗ ಮಾಡ್ಯೂಲಿನ ಸೆಟ್ಟಿಂಗ್ ಹಾಗೇ ಉಳಿದಿತ್ತು.

ಎಚ್ಚರಿಕೆಗಳು

- ಪೆಟ್ಟಿಗೆಯೊಳಗೆ 230 ವೋಲ್ಟ್ ಬೇಡವೇ ಬೇಡ. ನಾನು ಮೊದಲು ಬಲ್ಬು ಹಾಕಿದ್ದು ದೊಡ್ಡ ತಪ್ಪು. ಹಬೆ, ಸ್ಟೀಲ್ ಪಾತ್ರೆ, ಒದ್ದೆ ಕೈ, ಮನೆಯ ಕರೆಂಟು ಇವು ಒಂದೇ ಕಡೆ ಇರಬಾರದು.
- ಥರ್ಮಲ್ ಫ್ಯೂಸ್ ಬಿಡಬೇಡಿ. ರಿಲೇಯ ಸಂಪರ್ಕಗಳು ಒಂದು ದಿನ ಅಂಟಿಕೊಂಡರೆ ಡಿಸ್‌ಪ್ಲೇ ಏನು ತೋರಿಸಿದರೂ ಹೀಟರ್ ಆರುವುದಿಲ್ಲ. ಆಗ ಕಾಪಾಡುವುದು 20 ರೂಪಾಯಿಯ ಆ ಫ್ಯೂಸ್ ಮಾತ್ರ.
- ಪಾತ್ರೆ ಅರ್ಧ ಮಾತ್ರ ತುಂಬಿ. ಉಕ್ಕಿದ ಹಿಟ್ಟು ಹೀಟರ್ ಮೇಲೆ ಬೀಳಬಾರದು.
- ಮೊದಲ ಸಲ ಹಿರಿಯರ ಎದುರಿಗೆ, ಬರೀ ನೀರಿಟ್ಟು ಒಂದು ಹಗಲು ಓಡಿಸಿ ನೋಡಿ.

ನೀವೂ ಮಾಡಿ ನೋಡಿ

ಮಾಡ್ಯೂಲಿನ ಇನ್ನೊಂದು ಜೋಡಿಯನ್ನು ಸರ್ ಭೌತಶಾಸ್ತ್ರ ಲ್ಯಾಬಿಗೆ ತರಿಸಿದ್ದಾರೆ. ಪ್ರಥಮ ಪಿಯುಸಿಯವರಿಗೆ ಮೂರು ಪ್ರಶ್ನೆ ಬಿಟ್ಟಿದ್ದೇನೆ.

1. ಗೋಡೆಯ ದಪ್ಪ 3ರ ಬದಲು 5 ಸೆಂ.ಮೀ. ಆದರೆ ಹೀಟರ್ ಗಂಟೆಗೆ ಎಷ್ಟು ನಿಮಿಷ ಉರಿಯಬೇಕು?
2. ನಾಲ್ಕು ಜೋಡಿಗಳಲ್ಲಿ ಒಂದು ರೆಸಿಸ್ಟರ್ ಸುಟ್ಟುಹೋದರೆ ಒಟ್ಟು ಶಕ್ತಿ ಎಷ್ಟಾಗುತ್ತದೆ? 18 ಡಿಗ್ರಿಯ ರಾತ್ರಿಗೆ ಅದು ಸಾಕೇ?
3. ಇದೇ ಪೆಟ್ಟಿಗೆಯನ್ನು ಬಂಟ್ವಾಳದ ಏಪ್ರಿಲ್ ತಿಂಗಳಿಗೆ ಒಯ್ದರೆ ಪ್ರಯೋಜನವಿದೆಯೇ? ಇಲ್ಲದಿದ್ದರೆ ಏನು ಬದಲಿಸಬೇಕು?

ಮೂರನೆಯದಕ್ಕೆ ನನ್ನಲ್ಲೂ ಪೂರ್ತಿ ಉತ್ತರವಿಲ್ಲ. ಉತ್ತರ ಸಿಕ್ಕವರು ಲ್ಯಾಬಿಗೆ ಬಂದು ಹೇಳಿ. ಹಿಟ್ಟು ರುಬ್ಬುವ ಮೊದಲು ಮಾತ್ರ ಲೆಕ್ಕ ಹಾಕಿ ನೋಡಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಒಂದು ಮಾತು ಕೇಳಿ.